ಬುಧಿ ಕುಂದರನ್: ಮದ್ರಾಸಿನಲ್ಲಿ 192 ಹೊಡೆದ ಮೂಲ್ಕಿಯ ಬದಲಿ ಆಟಗಾರ

1964ರ ಜನವರಿ 10. ಪೊಂಗಲ್ ಹಬ್ಬಕ್ಕೆ ಇನ್ನು ನಾಲ್ಕೇ ದಿನ. ಮದ್ರಾಸಿನ ಕಾರ್ಪೊರೇಷನ್ ಸ್ಟೇಡಿಯಂನಲ್ಲಿ ಭಾರತ ಮತ್ತು ಇಂಗ್ಲೆಂಡ್ ನಡುವಿನ ಐದು ಟೆಸ್ಟ್‌ಗಳ ಸರಣಿಯ ಮೊದಲ ಪಂದ್ಯ ಅಂದು ಶುರುವಾಯಿತು. ರೇಡಿಯೋ ಇದ್ದ ಮನೆಯ ಜಗಲಿಯಲ್ಲಿ, ಹೋಟೆಲಿನ ಬಾಗಿಲಲ್ಲಿ ಜನ ನಿಂತು ಸ್ಕೋರು ಕೇಳುತ್ತಿದ್ದ ಕಾಲ ಅದು. ಸಂಜೆ ಆಟ ನಿಂತಾಗ ಭಾರತದ ಸ್ಕೋರು ಎರಡು ವಿಕೆಟ್‌ಗೆ 277. ಅದರಲ್ಲಿ 170 ರನ್ ಒಬ್ಬ ಆಟಗಾರರದ್ದೇ. ಅವರಿನ್ನೂ ಔಟಾಗಿರಲಿಲ್ಲ.

ಆ ಆಟಗಾರ ತಂಡದ ವಿಕೆಟ್ ಕೀಪರ್. ಹೆಸರು ಬುಧಿ ಕುಂದರನ್, ವಯಸ್ಸು 24, ಹುಟ್ಟೂರು ದಕ್ಷಿಣ ಕನ್ನಡದ ಮೂಲ್ಕಿ. ಇನ್ನೂ ವಿಚಿತ್ರವೆಂದರೆ, ಆ ಪಂದ್ಯದಲ್ಲಿ ಆಡಬೇಕಿದ್ದವರು ಅವರಲ್ಲ. ಮೊದಲ ಆಯ್ಕೆ ಫಾರೂಕ್ ಇಂಜಿನಿಯರ್. ಇಂಜಿನಿಯರ್ ಆಡಲಾಗದೆ ಹೋದ ಕಾರಣ ಕುಂದರನ್ ಅವರಿಗೆ ಅವಕಾಶ ಸಿಕ್ಕಿತ್ತು. ಬದಲಿಯಾಗಿ ಬಂದವರು ಒಂದೇ ದಿನದಲ್ಲಿ ತಂಡದ ಒಟ್ಟು ರನ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೊಡೆದಿದ್ದರು.

ಕುಂದರನ್ ಅವರ ಕ್ರಿಕೆಟ್ ಬದುಕನ್ನು ಆ ಒಂದು ದಿನದಲ್ಲೇ ಕಾಣಬಹುದು. ಇನ್ನೊಬ್ಬರಿಗೆ ಗಾಯವಾದಾಗ, ಇನ್ನೊಬ್ಬರು ಹಾಸಿಗೆ ಹಿಡಿದಾಗ ಅವರಿಗೆ ಕರೆ ಬರುತ್ತಿತ್ತು. ಬಂದಾಗಲೆಲ್ಲ ಇಬ್ಬರ ಕೆಲಸ ಮಾಡಿ ಹೋಗುತ್ತಿದ್ದರು. ಆದರೂ ತಂಡದಲ್ಲಿ ಕಾಯಂ ಜಾಗವೊಂದು ಅವರ ಪಾಲಿಗೆ ಬರಲಿಲ್ಲ.

ಒಂದೇ ಪ್ರಾಂತ್ಯದ ಎರಡು ತುದಿ

ಬುಧಿಸಾಗರ್ ಕೃಷ್ಣಪ್ಪ ಕುಂದರನ್ ಹುಟ್ಟಿದ್ದು 1939ರ ಅಕ್ಟೋಬರ್ 2ರಂದು. ಹುಟ್ಟೂರು ಮೂಲ್ಕಿ ಶಾಂಭವಿ ನದಿಯ ದಡದ ಊರು, ಬಪ್ಪನಾಡು ದುರ್ಗಾಪರಮೇಶ್ವರಿಯ ಕ್ಷೇತ್ರ. ಸ್ವಾತಂತ್ರ್ಯ ಹೋರಾಟಗಾರ ಕಾರ್ನಾಡ್ ಸದಾಶಿವ ರಾಯರ ಊರೂ ಇದೇ. ಕುಂದರ್ ಎಂಬುದು ತುಳುನಾಡಿನಲ್ಲಿ ಎಲ್ಲರಿಗೂ ಪರಿಚಿತವಾದ ಹೆಸರು.

ಕೊಯಮತ್ತೂರು ಕಡೆಯ ಓದುಗರಿಗೆ ಇಲ್ಲೊಂದು ಸಂಗತಿ ನೆನಪಿಸಬೇಕು. ಕುಂದರನ್ ಹುಟ್ಟಿದಾಗ ಮೂಲ್ಕಿ ಮೈಸೂರಿಗೆ ಸೇರಿರಲಿಲ್ಲ. ದಕ್ಷಿಣ ಕನ್ನಡ ಜಿಲ್ಲೆ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ತೊಂಡಾಮುತ್ತೂರು ಇರುವ ಕೊಯಮತ್ತೂರು ಜಿಲ್ಲೆಯೂ ಅದೇ ಪ್ರಾಂತ್ಯದಲ್ಲಿತ್ತು. ಕೊಳ್ಳೇಗಾಲ ಕೂಡ ಅಂದು ಕೊಯಮತ್ತೂರು ಜಿಲ್ಲೆಯ ತಾಲೂಕು. 1956ರ ನವೆಂಬರ್ 1ರಂದು ಭಾಷೆಯ ಆಧಾರದಲ್ಲಿ ಗೆರೆ ಎಳೆದಾಗ ಮಂಗಳೂರು, ಮೂಲ್ಕಿ, ಕೊಳ್ಳೇಗಾಲಗಳು ಮೈಸೂರು ರಾಜ್ಯಕ್ಕೆ ಹೋದವು. ಕೊಯಮತ್ತೂರು ಮದ್ರಾಸ್ ರಾಜ್ಯದಲ್ಲೇ ಉಳಿಯಿತು. ಅಂದರೆ ಮೂಲ್ಕಿಯ ಮಗು ಮತ್ತು ತೊಂಡಾಮುತ್ತೂರಿನ ಮಗು ಅಂದು ಹುಟ್ಟಿದ್ದು ಒಂದೇ ಪ್ರಾಂತ್ಯದ ಎರಡು ತುದಿಗಳಲ್ಲಿ.

ಕುಂದರನ್ ಬೆಳೆದದ್ದು ಮಾತ್ರ ಬೊಂಬಾಯಿಯಲ್ಲಿ. ಹೊಟ್ಟೆಪಾಡಿಗಾಗಿ ಕರಾವಳಿಯ ಸಾವಿರಾರು ಕುಟುಂಬಗಳು ಹಡಗು ಹತ್ತಿ ಬೊಂಬಾಯಿ ಸೇರುತ್ತಿದ್ದ ಕಾಲ ಅದು. ಹೋಟೆಲು, ಬಂದರು, ಗಿರಣಿ, ಆಫೀಸು, ಹೀಗೆ ಸಿಕ್ಕ ಕಡೆ ಕೆಲಸ. ಇಕ್ಕಟ್ಟಾದ ಕೋಣೆಗಳಲ್ಲಿ ಸಂಸಾರ. ಮನೆಯಿಂದ ಹೊರಗೆ ಕಾಲಿಟ್ಟರೆ ಗಲ್ಲಿಗಲ್ಲಿಯಲ್ಲೂ ಕ್ರಿಕೆಟ್. ಹುಡುಗ ಬುಧಿ ಕಲಿತದ್ದು ಆ ಗಲ್ಲಿಗಳ ಆಟವನ್ನೇ.

ಅಪ್ಪನ ಬಟ್ಟೆಯಲ್ಲಿ ಶಾಲೆಯ ಪಂದ್ಯ

ತಂದೆಗೆ ಮಗನ ಆಟ ಹಿಡಿಸಿರಲಿಲ್ಲ. ಓದಿ ಕೆಲಸ ಹಿಡಿಯಬೇಕಾದ ಹುಡುಗ ಬ್ಯಾಟು ಹಿಡಿದರೆ ಬಡ ಮನೆಯಲ್ಲಿ ಯಾರು ತಾನೇ ಸಂತೋಷಪಟ್ಟಾರು? ಬುಧಿ ಬೊಂಬಾಯಿಯ ಭಾರ್ಡಾ ನ್ಯೂ ಹೈಸ್ಕೂಲಿನ ತಂಡಕ್ಕೆ ಆಯ್ಕೆಯಾದಾಗ ಹಾಕಿಕೊಳ್ಳಲು ಬಿಳಿ ಬಟ್ಟೆಯೇ ಇರಲಿಲ್ಲ. ತಾಯಿ ಗಂಡನ ಬಟ್ಟೆಯನ್ನೇ ಕತ್ತರಿಸಿ, ಮಗನ ಅಳತೆಗೆ ಹೊಲಿದು ಕೊಟ್ಟರು. ಅದನ್ನು ತೊಟ್ಟು ಮೈದಾನಕ್ಕೆ ಇಳಿದ ಹುಡುಗ 219 ರನ್ ಹೊಡೆದ. ಪತ್ರಿಕೆಯಲ್ಲಿ ಫೋಟೋ ಬಂತು. ಆಮೇಲೆ ಮನೆಯಲ್ಲಿ ವಿರೋಧ ತಗ್ಗಿತು.

ಆ ಹುಡುಗನ ಆಟದಲ್ಲಿ ಎರಡು ವಿಶೇಷಗಳಿದ್ದವು. ಒಂದು, ಚೆಂಡು ಬಂದರೆ ಹೊಡೆಯುವುದು. ಆರಂಭಿಕ ಆಟಗಾರರೆಂದರೆ ಊಟದ ಹೊತ್ತಿನವರೆಗೆ ಚೆಂಡು ತಡೆಯುವವರು ಎಂದು ಎಲ್ಲರೂ ನಂಬಿದ್ದ ದಿನಗಳಲ್ಲಿ ಅವರು ಮೊದಲ ಓವರಿನಿಂದಲೇ ಬ್ಯಾಟು ಬೀಸುತ್ತಿದ್ದರು. ಇನ್ನೊಂದು, ವಿಕೆಟ್ ಹಿಂದೆ ಅವರ ಚುರುಕು.

ಆದರೆ ವಿಕೆಟ್ ಕೀಪರನ ಕೆಲಸದಲ್ಲೊಂದು ತೊಡಕಿದೆ. ಹನ್ನೊಂದು ಮಂದಿಯ ತಂಡದಲ್ಲಿ ಬ್ಯಾಟ್ಸ್‌ಮನ್‌ಗಳು ಐದಾರು ಮಂದಿ, ಬೌಲರ್‌ಗಳು ನಾಲ್ಕೈದು ಮಂದಿ. ಒಬ್ಬ ಸೋತರೆ ಇನ್ನೊಬ್ಬನ ಪಕ್ಕದಲ್ಲಿ ಜಾಗ ಸಿಗುತ್ತದೆ. ಕೀಪರ್ ಮಾತ್ರ ಒಬ್ಬನೇ. ದೇಶದಲ್ಲಿ ಇಬ್ಬರು ಒಳ್ಳೆಯ ಕೀಪರ್‌ಗಳು ಒಂದೇ ಕಾಲಕ್ಕೆ ಹುಟ್ಟಿದರೆ ಒಬ್ಬರು ಪೆವಿಲಿಯನ್ನಿನಲ್ಲಿ ಕೂರಲೇಬೇಕು.

ರಣಜಿಗೆ ಮೊದಲೇ ಟೆಸ್ಟ್

1959-60ರಲ್ಲಿ ರಿಚಿ ಬೆನೊ ನಾಯಕತ್ವದ ಆಸ್ಟ್ರೇಲಿಯಾ ತಂಡ ಭಾರತಕ್ಕೆ ಬಂತು. ಡಿಸೆಂಬರಿನಲ್ಲಿ ಕಾನ್ಪುರದ ಟೆಸ್ಟ್‌ನಲ್ಲಿ ಜಸು ಪಟೇಲ್ 14 ವಿಕೆಟ್ ಕಿತ್ತು ಆಸ್ಟ್ರೇಲಿಯಾ ಮೇಲೆ ಭಾರತಕ್ಕೆ ಮೊಟ್ಟಮೊದಲ ಗೆಲುವು ತಂದುಕೊಟ್ಟರು. ಸರಣಿ ಸಮಬಲವಾಗಿತ್ತು. 1960ರ ಜನವರಿ 1ರಂದು ಬೊಂಬಾಯಿಯ ಬ್ರೆಬೋರ್ನ್ ಸ್ಟೇಡಿಯಂನಲ್ಲಿ ಶುರುವಾಗಬೇಕಿದ್ದ ಮೂರನೇ ಟೆಸ್ಟ್‌ಗೆ ಆಯ್ಕೆಗಾರರು 20 ವರ್ಷದ ಕುಂದರನ್ ಅವರನ್ನು ಆರಿಸಿದರು. ಅನುಭವಿ ಕೀಪರ್ ನರೇನ್ ತಮ್ಹಾನೆ ಜಾಗ ಬಿಡಬೇಕಾಯಿತು.

ಎಲ್ಲರೂ ಹುಬ್ಬೇರಿಸಿದರು. ಕಾರಣವಿಷ್ಟೇ: ಕುಂದರನ್ ಅಲ್ಲಿಯವರೆಗೆ ಒಂದೇ ಒಂದು ರಣಜಿ ಪಂದ್ಯ ಆಡಿರಲಿಲ್ಲ. ಶಾಲೆ, ಕಾಲೇಜು, ಕ್ಲಬ್, ರಣಜಿ, ಆಮೇಲೆ ಟೆಸ್ಟ್ ಎಂಬುದು ಎಲ್ಲರೂ ಹತ್ತುವ ಏಣಿ. ಇವರು ನಡುವಿನ ಮೆಟ್ಟಿಲು ಬಿಟ್ಟು ಮೇಲಕ್ಕೆ ಹಾರಿದ್ದರು. ಪಂದ್ಯದ ಹಿಂದಿನ ರಾತ್ರಿ ಮನೆಯಲ್ಲಿ ಕಾಲು ಚಾಚಲು ಜಾಗವಿಲ್ಲದೆ ಹತ್ತಿರದ ಉದ್ಯಾನದಲ್ಲಿ ಮಲಗಿ ಎದ್ದರೆಂದೂ, ಯಾರ ಜಾಗಕ್ಕೆ ಬಂದಿದ್ದರೋ ಆ ತಮ್ಹಾನೆ ಅವರ ಗ್ಲೌಸನ್ನೇ ಎರವಲು ಪಡೆದು ಆಡಿದರೆಂದೂ ಕ್ರಿಕೆಟ್ ವಲಯದಲ್ಲಿ ಇಂದಿಗೂ ಹೇಳುತ್ತಾರೆ.

ಮೊದಲ ಟೆಸ್ಟ್‌ನಲ್ಲಿ ದೊಡ್ಡ ಸ್ಕೋರು ಬರಲಿಲ್ಲ. ರೇ ಲಿಂಡ್ವಾಲ್ ಬೌಲಿಂಗ್‌ನಲ್ಲಿ ತಮ್ಮದೇ ವಿಕೆಟ್ ಬೀಳಿಸಿ ಔಟಾದರು. ಆದರೆ ಮುಂದಿನ ಪಂದ್ಯ ಮದ್ರಾಸಿನಲ್ಲಿ, ಪೊಂಗಲ್ ವಾರದಲ್ಲಿ. ಬೆನೊ, ಡೇವಿಡ್‌ಸನ್ ಎದುರು ಭಾರತ ಮೊದಲ ಇನಿಂಗ್ಸ್‌ನಲ್ಲಿ ಗಳಿಸಿದ್ದು ಬರೀ 149. ಅದರಲ್ಲಿ 71 ಕುಂದರನ್ ಅವರದು. ಎರಡನೇ ಇನಿಂಗ್ಸ್‌ನಲ್ಲಿ 138ಕ್ಕೆ ತಂಡ ಕುಸಿದಾಗಲೂ ಇವರದು 33. ಭಾರತ ಇನಿಂಗ್ಸ್ ಮತ್ತು 55 ರನ್‌ಗಳಿಂದ ಸೋತಿತು. ಸೋತ ಪಂದ್ಯದಲ್ಲೂ ಮದ್ರಾಸಿನ ಜನ ಈ ಹುಡುಗನ ಹೆಸರು ನೆನಪಿಟ್ಟುಕೊಂಡರು.

ಅದೇ ಋತುವಿನಲ್ಲಿ ರೈಲ್ವೇಸ್ ಪರವಾಗಿ ಜಮ್ಮು-ಕಾಶ್ಮೀರದ ವಿರುದ್ಧ ತಮ್ಮ ಮೊದಲ ರಣಜಿ ಪಂದ್ಯ ಆಡಿದರು. ಹೊಡೆದದ್ದು 205. ಟೆಸ್ಟ್ ಮೊದಲು, ರಣಜಿ ಆಮೇಲೆ. ರಣಜಿಯ ಮೊದಲ ಪಂದ್ಯದಲ್ಲೇ ದ್ವಿಶತಕ.

ಅಂದಹಾಗೆ, ಆ ದಿನಗಳ ಸ್ಕೋರ್‌ಕಾರ್ಡ್‌ಗಳಲ್ಲಿ ಅವರ ಹೆಸರು ಕುಂದರಮ್ ಎಂದಿದೆ. 1964ರಲ್ಲಿ ಅದು ಕುಂದರನ್ ಆಯಿತು. ಹಳೆಯ ದಾಖಲೆ ಹುಡುಕುವವರು ಇವರಿಬ್ಬರೂ ಬೇರೆ ಬೇರೆ ಆಟಗಾರರೆಂದು ಇಂದಿಗೂ ತಪ್ಪು ತಿಳಿಯುವುದುಂಟು.

ಇಂಜಿನಿಯರ್ ಬಂದರು

1961ರ ಡಿಸೆಂಬರಿನಲ್ಲಿ ಇಂಗ್ಲೆಂಡ್ ವಿರುದ್ಧ ಕಾನ್ಪುರದಲ್ಲಿ ಫಾರೂಕ್ ಇಂಜಿನಿಯರ್ ಮೊದಲ ಟೆಸ್ಟ್ ಆಡಿದರು. ಅವರೂ ಬೊಂಬಾಯಿಯವರು, ಕುಂದರನ್ ಅವರಿಗಿಂತ ಒಂದೂವರೆ ವರ್ಷಕ್ಕೆ ದೊಡ್ಡವರು. ಅವರೂ ಕೀಪರ್, ಅವರೂ ಹೊಡೆಬಡಿಯ ಬ್ಯಾಟ್ಸ್‌ಮನ್. ಅಲ್ಲಿಯವರೆಗೆ ಭಾರತದ ಕೀಪರ್‌ಗಳೆಂದರೆ ಕೊನೆಯಲ್ಲಿ ಬಂದು ನಾಲ್ಕು ರನ್ ಸೇರಿಸಿ ಹೋಗುವವರು. ಈಗ ನೋಡಿದರೆ ಆರಂಭಿಕರಾಗಿ ಆಡಬಲ್ಲ ಇಬ್ಬರು ಕೀಪರ್‌ಗಳು ಒಟ್ಟಿಗೇ ಸಿಕ್ಕಿದ್ದರು. ಗ್ಲೌಸ್ ಮಾತ್ರ ಒಂದೇ ಜೊತೆ.

1962ರ ವೆಸ್ಟ್ ಇಂಡೀಸ್ ಪ್ರವಾಸಕ್ಕೆ ಇಬ್ಬರೂ ಹೋದರು. ಅಲ್ಲಿಂದ ಮುಂದೆ ಒಬ್ಬರು ಒಳಗೆ, ಇನ್ನೊಬ್ಬರು ಹೊರಗೆ ಎಂಬ ಆಟ ವರ್ಷಗಟ್ಟಲೆ ನಡೆಯಿತು. ಇಂಜಿನಿಯರ್ ದೊಡ್ಡ ಆಟಗಾರ ಎಂಬುದರಲ್ಲಿ ಎರಡು ಮಾತಿಲ್ಲ. 46 ಟೆಸ್ಟ್ ಆಡಿ 2,611 ರನ್ ಗಳಿಸಿದವರು. ಹಾಗಾಗಿ ಇದು ಯೋಗ್ಯನೊಬ್ಬನನ್ನು ತುಳಿದು ಅಯೋಗ್ಯನನ್ನು ಮೇಲೇರಿಸಿದ ಕಥೆ ಖಂಡಿತ ಅಲ್ಲ. ಇಬ್ಬರು ಯೋಗ್ಯರಿದ್ದಾಗ ಒಬ್ಬರಿಗಾಗುವ ನಷ್ಟದ ಕಥೆ.

ಮದ್ರಾಸಿನ ಆ ಎರಡು ದಿನ

ಮತ್ತೆ 1964ರ ಮದ್ರಾಸಿಗೆ ಬರೋಣ. ಭಾರತದ ನಾಯಕ ಪಟೌಡಿ ನವಾಬ, ಇಂಗ್ಲೆಂಡಿನ ನಾಯಕ ಮೈಕ್ ಸ್ಮಿತ್. ಇನಿಂಗ್ಸ್ ಆರಂಭಿಸಲು ಇಳಿದ ಕುಂದರನ್ ವೇಗಿಗಳನ್ನೂ ಸ್ಪಿನ್ನರ್‌ಗಳನ್ನೂ ಒಂದೇ ರೀತಿ ದಂಡಿಸಿದರು. ದಿಲೀಪ್ ಸರ್ದೇಸಾಯಿ ಜೊತೆ 143 ರನ್ ಸೇರಿಸಿದರು. ಸರ್ದೇಸಾಯಿ 65ಕ್ಕೆ ಔಟಾದ ಮೇಲೆ ವಿಜಯ್ ಮಾಂಜ್ರೇಕರ್ ಜೊತೆಯಾದರು. ಅಂದಿನ ಭಾರತ ಟೆಸ್ಟ್‌ನ ಮೊದಲ ದಿನ 200 ರನ್ ಗಳಿಸಿದರೇ ಹೆಚ್ಚು. ಅಂಥದ್ದರಲ್ಲಿ ಒಬ್ಬರೇ 170 ಹೊಡೆದು ಹೋಟೆಲಿಗೆ ಮರಳಿದರು.

ಮರುದಿನ ಬೆಳಗ್ಗೆ ದ್ವಿಶತಕ ಬಂದೇ ಬರುತ್ತದೆ ಎಂದು ಮೈದಾನ ತುಂಬಿತ್ತು. 192ಕ್ಕೆ ಆಫ್‌ಸ್ಪಿನ್ನರ್ ಫ್ರೆಡ್ ಟಿಟ್ಮಸ್ ಅವರನ್ನು ಔಟ್ ಮಾಡಿದರು. ಎಂಟು ರನ್ ಕಡಿಮೆ. ಇನಿಂಗ್ಸ್‌ನಲ್ಲಿ 31 ಬೌಂಡರಿ. ಮಾಂಜ್ರೇಕರ್ ಕೂಡ ಶತಕ ಹೊಡೆದರು. ಭಾರತ ಏಳು ವಿಕೆಟ್‌ಗೆ 457 ಗಳಿಸಿ ಡಿಕ್ಲೇರ್ ಮಾಡಿಕೊಂಡಿತು.

ಇಷ್ಟಾದರೂ ಆ ಟೆಸ್ಟ್ ಇವತ್ತು ನೆನಪಾಗುವುದು ಬೇರೆಯೇ ಕಾರಣಕ್ಕೆ. ಅದೇ ಪಂದ್ಯದಲ್ಲಿ ಬಾಪು ನಾಡಕರ್ಣಿ 32 ಓವರ್ ಹಾಕಿ 27ನ್ನು ಮೇಡನ್ ಮಾಡಿ ಬರೀ ಐದು ರನ್ ಕೊಟ್ಟರು. ಅದರಲ್ಲಿ 21 ಓವರ್‌ಗಳು ಸತತ ಮೇಡನ್. ಕ್ರಿಕೆಟ್ ಕ್ವಿಜ್‌ಗಳಲ್ಲಿ ಬರುವುದು ನಾಡಕರ್ಣಿಯ ಹೆಸರು. ಮೂಲ್ಕಿಯ ಹುಡುಗನ 192 ಅದರ ನೆರಳಿಗೆ ಸರಿಯಿತು.

ಆದರೆ ಕುಂದರನ್ ಅಲ್ಲಿಗೇ ನಿಲ್ಲಲಿಲ್ಲ. ಸರಣಿಯ ಐದೂ ಟೆಸ್ಟ್ ಆಡಿದರು. ದೆಹಲಿಯ ನಾಲ್ಕನೇ ಟೆಸ್ಟ್‌ನಲ್ಲಿ ಇನ್ನೊಂದು ಶತಕ. ಐದು ಪಂದ್ಯಗಳೂ ಡ್ರಾ ಆದವು. ಸರಣಿ ಮುಗಿದಾಗ ಕುಂದರನ್ ಅವರ ಲೆಕ್ಕದಲ್ಲಿ 525 ರನ್, ಸರಾಸರಿ 52.50. ಭಾರತದ ಪರ ಅತಿ ಹೆಚ್ಚು ರನ್ ಅವರದೇ. ಒಂದೇ ಟೆಸ್ಟ್ ಸರಣಿಯಲ್ಲಿ 500 ರನ್ ದಾಟಿದ ಮೊದಲ ವಿಕೆಟ್ ಕೀಪರ್ ಎಂಬ ಹೆಗ್ಗಳಿಕೆಯೂ ಸಿಕ್ಕಿತು. ಭಾರತದಲ್ಲಲ್ಲ, ಇಡೀ ಜಗತ್ತಿನಲ್ಲಿ. ದಿನವಿಡೀ ವಿಕೆಟ್ ಹಿಂದೆ ಬಗ್ಗಿ ಎದ್ದು, ಪ್ಯಾಡ್ ಬದಲಿಸಿ ಮತ್ತೆ ಆರಂಭಿಕನಾಗಿ ಇಳಿಯುವುದು ಎಷ್ಟು ಕಷ್ಟ ಎಂಬುದು ಆ ಕೆಲಸ ಮಾಡಿದವರಿಗೇ ಗೊತ್ತು.

525 ಹೊಡೆದವರಿಗೆ ಜಾಗವಿಲ್ಲ

ಎಂಟು ತಿಂಗಳು ಕಳೆಯಿತು. 1964ರ ಅಕ್ಟೋಬರಿನಲ್ಲಿ ಬಾಬ್ ಸಿಂಪ್ಸನ್ ನಾಯಕತ್ವದ ಆಸ್ಟ್ರೇಲಿಯಾ ತಂಡ ಬಂತು. ಮೂರು ಟೆಸ್ಟ್‌ಗಳ ಸರಣಿ. ಭಾರತದ ಕೀಪರ್ ಸ್ಥಾನದಲ್ಲಿ ಇದ್ದವರು ಕುಂದರನ್ ಅಲ್ಲ, ಇಂಜಿನಿಯರ್ ಕೂಡ ಅಲ್ಲ. ಸೌರಾಷ್ಟ್ರದ ಇಂದ್ರಜಿತ್‌ಸಿನ್ಹಜಿ. ಹಿಂದಿನ ಸರಣಿಯಲ್ಲಿ ದೇಶದ ಪರ ಅತಿ ಹೆಚ್ಚು ರನ್ ಹೊಡೆದ ಆಟಗಾರನಿಗೆ ಮುಂದಿನ ಸರಣಿಯಲ್ಲಿ ಜಾಗವೇ ಇರಲಿಲ್ಲ. 1965ರಲ್ಲಿ ನ್ಯೂಜಿಲೆಂಡ್ ತಂಡ ಬಂದಾಗಲೂ ಅಷ್ಟೇ. 1964ರ ಫೆಬ್ರವರಿಯಿಂದ 1966ರ ಡಿಸೆಂಬರ್‌ವರೆಗೆ ಭಾರತ ಏಳು ಟೆಸ್ಟ್ ಆಡಿತು. ಕುಂದರನ್ ಒಂದನ್ನೂ ಆಡಲಿಲ್ಲ. ಕ್ರಿಕೆಟಿಗನ ಬದುಕಿನಲ್ಲಿ 24ರಿಂದ 27ರ ವಯಸ್ಸು ಎಂದರೆ ಬೆಳೆ ಕೊಯ್ಲಿಗೆ ಬಂದ ಹೊತ್ತು. ಆ ಹೊತ್ತು ಹಾಗೇ ಕಳೆಯಿತು.

ಈ ನಡುವೆ ಅವರು ರೈಲ್ವೇಸ್ ಬಿಟ್ಟು ಮೈಸೂರು ರಾಜ್ಯ ತಂಡ ಸೇರಿದರು. ಎರಪಳ್ಳಿ ಪ್ರಸನ್ನ, ಭಾಗವತ್ ಚಂದ್ರಶೇಖರ್ ಅವರಂಥ ಸ್ಪಿನ್ನರ್‌ಗಳಿದ್ದ ತಂಡ ಅದು. ಚಂದ್ರ ಹಾಕುವ ಚೆಂಡು ಯಾವ ಕಡೆ ತಿರುಗುತ್ತದೆ ಎಂದು ಸ್ವತಃ ಚಂದ್ರ ಅವರಿಗೇ ಗೊತ್ತಿರುತ್ತಿರಲಿಲ್ಲ ಎಂದು ತಮಾಷೆ ಮಾಡುತ್ತಿದ್ದರು. ಅಂಥ ಬೌಲರ್‌ಗೆ ಹೆಲ್ಮೆಟ್ ಇಲ್ಲದೆ ಸ್ಟಂಪಿನ ಹತ್ತಿರ ಕೂತು ಕೀಪಿಂಗ್ ಮಾಡುವುದೆಂದರೆ ದಿನವೂ ಪರೀಕ್ಷೆ ಬರೆದಂತೆ. ಬೊಂಬಾಯಿಯಲ್ಲಿ ಬೆಳೆದ ಮಗ ಹೀಗೆ ಹುಟ್ಟೂರಿನ ರಾಜ್ಯಕ್ಕೆ ದುಡಿದ. ತಂಡಕ್ಕೆ ಮಾತ್ರ ಅವರ ಕಾಲದಲ್ಲಿ ರಣಜಿ ಟ್ರೋಫಿ ದಕ್ಕಲಿಲ್ಲ. ಅದು ಬಂದದ್ದು 1973-74ರಲ್ಲಿ, ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದ ಋತುವಿನಲ್ಲಿ.

ಮತ್ತೆ ಕರೆ, ಮತ್ತೆ ಹೊರಗೆ

1966ರ ಡಿಸೆಂಬರಿನಲ್ಲಿ ಗ್ಯಾರಿ ಸೋಬರ್ಸ್ ನಾಯಕತ್ವದ ವೆಸ್ಟ್ ಇಂಡೀಸ್ ಬಂದಾಗ ಕುಂದರನ್ ಮತ್ತೆ ತಂಡದಲ್ಲಿದ್ದರು. ಬೊಂಬಾಯಿ ಟೆಸ್ಟ್‌ನಲ್ಲಿ ಹಾಲ್, ಗ್ರಿಫಿತ್, ಗಿಬ್ಸ್, ಸೋಬರ್ಸ್ ಎದುರು 79 ರನ್ ಹೊಡೆದರು. ಅದೇ ಪಂದ್ಯದಲ್ಲಿ ಚಂದ್ರಶೇಖರ್ 11 ವಿಕೆಟ್ ಪಡೆದರು; ವಿಕೆಟ್ ಹಿಂದೆ ಇದ್ದವರು ಮೈಸೂರಿನ ಜೊತೆಗಾರ ಕುಂದರನ್ ಅವರೇ. ಭಾರತ ಆ ಪಂದ್ಯ ಸೋತಿತು.

ಮೂರನೇ ಟೆಸ್ಟ್ ಮದ್ರಾಸಿನಲ್ಲಿ, 1967ರ ಪೊಂಗಲ್ ಹೊತ್ತಿಗೆ. ಪಂದ್ಯಗಳು ಕಾರ್ಪೊರೇಷನ್ ಸ್ಟೇಡಿಯಂ ಬಿಟ್ಟು ಮತ್ತೆ ಚೆಪಾಕ್‌ಗೆ ಬಂದಿದ್ದವು. ಮದ್ರಾಸೆಂದರೆ ಕುಂದರನ್ ಅವರಿಗೆ ಅದೃಷ್ಟದ ಊರು. ಆದರೆ ಈ ಸಲ ಆಡಿದವರು ಇಂಜಿನಿಯರ್. ಮೊದಲ ದಿನ ಊಟದ ಹೊತ್ತಿಗೆ ಅವರ ಸ್ಕೋರು 94. ಆಮೇಲೆ ಶತಕವೂ ಆಯಿತು. ಮದ್ರಾಸಿನ ಜನ ಮೂರು ವರ್ಷದ ಹಿಂದೆ ಕುಂದರನ್‌ಗೆ ಹೊಡೆದ ಚಪ್ಪಾಳೆಯನ್ನೇ ಈಗ ಇಂಜಿನಿಯರ್‌ಗೆ ಹೊಡೆದರು. ಗ್ಲೌಸಿನ ಪ್ರಶ್ನೆ ಅಲ್ಲಿಗೆ ಬಹುತೇಕ ಇತ್ಯರ್ಥವಾಯಿತು.

ಅದೇ ವರ್ಷದ ಬೇಸಿಗೆಯಲ್ಲಿ ಭಾರತ ತಂಡ ಇಂಗ್ಲೆಂಡಿಗೆ ಹೋಯಿತು. ಮಳೆ, ಚಳಿ, ಗಾಯಾಳುಗಳ ಸಾಲು. ಇಂಜಿನಿಯರ್ ಕೀಪರ್, ಕುಂದರನ್ ಅವರನ್ನು ಬರೀ ಬ್ಯಾಟ್ಸ್‌ಮನ್ ಆಗಿ ಆಡಿಸಿದರು. ಲಾರ್ಡ್ಸ್‌ನಲ್ಲಿ ಎರಡನೇ ಇನಿಂಗ್ಸ್‌ನಲ್ಲಿ ತಂಡ 110ಕ್ಕೆ ಉರುಳಿದಾಗ ಅದರಲ್ಲಿ 47 ಇವರದೇ.

ಜುಲೈ 13ರಂದು ಎಜ್‌ಬಾಸ್ಟನ್‌ನಲ್ಲಿ ಮೂರನೇ ಟೆಸ್ಟ್. ಬೇಡಿ, ಪ್ರಸನ್ನ, ಚಂದ್ರಶೇಖರ್, ವೆಂಕಟರಾಘವನ್ ನಾಲ್ವರೂ ಒಟ್ಟಿಗೆ ಆಡಿದ ಪಂದ್ಯ ಅದು. ಮದ್ರಾಸಿನ ವೆಂಕಟ್ ಒಬ್ಬರಾದರೆ, ಮೈಸೂರಿನ ಪ್ರಸನ್ನ, ಚಂದ್ರ, ಸುಬ್ರಹ್ಮಣ್ಯ, ಕುಂದರನ್ ಹೀಗೆ ನಾಲ್ವರು. ವೇಗದ ಬೌಲರ್‌ಗಳು ಗಾಯಗೊಂಡು ಕೂತಿದ್ದರಿಂದ ಹೊಸ ಚೆಂಡು ಹಾಕಲು ಜನವೇ ಇರಲಿಲ್ಲ. ಪಟೌಡಿ ಚೆಂಡನ್ನು ಸುಬ್ರಹ್ಮಣ್ಯ ಮತ್ತು ಕುಂದರನ್ ಕೈಗೆ ಕೊಟ್ಟರು. ಏನು ಬೌಲಿಂಗ್ ಮಾಡುತ್ತೀ ಎಂದು ನಾಯಕ ಕೇಳಿದ್ದಕ್ಕೆ, ಹಾಕಿ ನೋಡಿದ ಮೇಲೆ ತನಗೂ ತಿಳಿಯುತ್ತದೆ ಎಂಬ ಅರ್ಥದಲ್ಲಿ ಕುಂದರನ್ ಉತ್ತರಿಸಿದರಂತೆ. ಇನ್ನೂರಕ್ಕೆ ಎಂಟು ಕಡಿಮೆ ಹೊಡೆದಿದ್ದ ಕೀಪರ್ ಒಬ್ಬರು ಆ ಟೆಸ್ಟ್‌ನಲ್ಲಿ ಬ್ಯಾಟಿಂಗನ್ನೂ ಆರಂಭಿಸಿದರು, ಬೌಲಿಂಗನ್ನೂ ಆರಂಭಿಸಿದರು. ಗ್ಲೌಸ್ ಮಾತ್ರ ತೊಡಲಿಲ್ಲ. ಭಾರತ ಮೂರೇ ದಿನದಲ್ಲಿ 132 ರನ್‌ಗಳಿಂದ ಸೋತಿತು.

ಜನ ನಕ್ಕು ಹೇಳಿಕೊಳ್ಳುವ ಕಥೆ ಇದು. ಆದರೆ ಅದೇ ಅವರ ಕೊನೆಯ ಟೆಸ್ಟ್. ಆಗ ಅವರಿಗೆ ಇನ್ನೂ 28 ತುಂಬಿರಲಿಲ್ಲ.

ಸ್ಕಾಟ್ಲೆಂಡಿನ ದಿನಗಳು

ಆಗ ಭಾರತದಲ್ಲಿ ಕ್ರಿಕೆಟ್ ನಂಬಿ ಸಂಸಾರ ನಡೆಸುವುದು ಸಾಧ್ಯವಿರಲಿಲ್ಲ. ಟೆಸ್ಟ್ ಆಡಿದರೂ ಕೈಗೆ ಬರುತ್ತಿದ್ದದ್ದು ಅಲ್ಪ. ಬ್ಯಾಂಕು, ರೈಲ್ವೆ, ಕಂಪನಿ ಕೆಲಸವೇ ಆಧಾರ. ಅದಿಲ್ಲದವರಿಗೆ ಇದ್ದ ಇನ್ನೊಂದು ದಾರಿ ಬ್ರಿಟನ್ನಿನ ಕ್ಲಬ್‌ಗಳು. ಅಲ್ಲಿ ಪ್ರತಿ ಕ್ಲಬ್ಬೂ ಸಂಬಳ ಕೊಟ್ಟು ಒಬ್ಬ ವೃತ್ತಿಪರ ಆಟಗಾರನನ್ನು ಇಟ್ಟುಕೊಳ್ಳುತ್ತಿತ್ತು. ಕುಂದರನ್ ಆ ದಾರಿ ಹಿಡಿದರು. ಗ್ಲಾಸ್ಗೋ ಸಮೀಪದ ಕೋಟ್‌ಬ್ರಿಜ್ ಎಂಬ ಕಬ್ಬಿಣದ ಕಾರ್ಖಾನೆಗಳ ಊರಿನ ಡ್ರಂಪೆಲಿಯರ್ ಕ್ಲಬ್ ಸೇರಿದರು.

ಮೂಲ್ಕಿಯ ಸೆಖೆ, ಬೊಂಬಾಯಿಯ ಜನಜಂಗುಳಿ ಕಂಡವರು ಸ್ಕಾಟ್ಲೆಂಡಿನ ಮೋಡ ಮುಚ್ಚಿದ ಬೇಸಿಗೆಗೆ ಒಗ್ಗಿಕೊಂಡರು. ಅಲ್ಲೇ ನೆಲೆಸಿದರು. ಒಂದೆರಡು ವರ್ಷಕ್ಕೆಂದು ಹೋದವರು ಅಲ್ಲಿಯವರೇ ಆಗಿಬಿಡುವುದು ಪರವೂರು ಸೇರಿದ ಬಹಳ ಮಂದಿಯ ಕಥೆ. 1980ರ ದಶಕದ ಆರಂಭದಲ್ಲಿ, ವಯಸ್ಸು ನಲವತ್ತು ದಾಟಿದ ಮೇಲೆ, ಇಂಗ್ಲೆಂಡಿನ ಕೌಂಟಿಗಳು ಆಡುವ ಬೆನ್ಸನ್ ಅಂಡ್ ಹೆಜಸ್ ಕಪ್‌ನಲ್ಲಿ ಸ್ಕಾಟ್ಲೆಂಡ್ ಪರವಾಗಿಯೂ ಆಡಿದರು. ಭಾರತದ ಟೋಪಿ ತೊಟ್ಟಿದ್ದವರು ಹೀಗೆ ಇನ್ನೊಂದು ನಾಡಿನ ಟೋಪಿಯನ್ನೂ ತೊಟ್ಟರು. ಕ್ಲಬ್ಬಿನಲ್ಲಿ ಬಹಳ ವರ್ಷ ಆಡಿದರು.

2006ರ ಜೂನ್ 23ರಂದು ಗ್ಲಾಸ್ಗೋದಲ್ಲಿ ಶ್ವಾಸಕೋಶದ ಕ್ಯಾನ್ಸರ್‌ನಿಂದ ಬುಧಿ ಕುಂದರನ್ ತೀರಿಕೊಂಡರು. ವಯಸ್ಸು 66.

ಲೆಕ್ಕ ಹೇಳುವ ಸತ್ಯ

18 ಟೆಸ್ಟ್, 981 ರನ್, ಎರಡು ಶತಕ, 23 ಕ್ಯಾಚ್, 7 ಸ್ಟಂಪಿಂಗ್. ಸಾವಿರ ರನ್‌ಗೆ 19 ಕಡಿಮೆ. ದ್ವಿಶತಕಕ್ಕೆ ಎಂಟು ಕಡಿಮೆ. ಕುಂದರನ್ ಅವರ ಲೆಕ್ಕದಲ್ಲಿ ಎಲ್ಲವೂ ಸ್ವಲ್ಪದರಲ್ಲೇ ತಪ್ಪಿಹೋದವು.

ಆದರೆ ಇನ್ನೊಂದು ಅಂಕಿ ಇದೆ. ಅವರ ಬ್ಯಾಟಿಂಗ್ ಸರಾಸರಿ 32.70. ಅವರ ಜಾಗದಲ್ಲಿ ಆಡಿದ ಇಂಜಿನಿಯರ್ ಅವರದು 31.08. ಆಮೇಲೆ 88 ಟೆಸ್ಟ್ ಆಡಿದ, ಬೆಂಗಳೂರಿನ ಸೈಯದ್ ಕಿರ್ಮಾನಿ ಅವರದು 27.04. ಹೆಚ್ಚು ಪಂದ್ಯ ಆಡಿದವರಿಗೆ ಸರಾಸರಿ ಕಾಯ್ದುಕೊಳ್ಳುವುದು ಕಷ್ಟ, ನಿಜ. ಆದರೂ ಸಿಕ್ಕಷ್ಟು ಅವಕಾಶದಲ್ಲಿ ಕುಂದರನ್ ಯಾರಿಗೂ ಕಡಿಮೆ ಇರಲಿಲ್ಲ ಎಂಬುದಕ್ಕೆ ಈ ಲೆಕ್ಕವೇ ಸಾಕ್ಷಿ. ಕಿರ್ಮಾನಿ ಕೂಡ ವರ್ಷಗಟ್ಟಲೆ ಇಂಜಿನಿಯರ್ ಹಿಂದೆ ಬದಲಿಯಾಗಿ ಕಾದವರು. ಅವರ ಸರದಿ ಕೊನೆಗೂ ಬಂತು. ಕುಂದರನ್ ಅವರ ಸರದಿ ಬಂದು ಬಂದು ಹೋಯಿತು.

ಕೀಪರ್ ಎಂದರೆ ಬ್ಯಾಟಿಂಗ್ ಕೂಡ ಬಲ್ಲವನಾಗಿರಬೇಕು ಎಂಬುದು ಇಂದು ಶಾಲಾ ತಂಡದಲ್ಲೂ ನಿಯಮ. ಮೂಲ್ಕಿಗೆ ಸಮೀಪದ ಸುರತ್ಕಲ್‌ನಲ್ಲಿ ಬೆಳೆದ ಕೆ.ಎಲ್. ರಾಹುಲ್ ಭಾರತಕ್ಕೆ ಆರಂಭಿಕನಾಗಿಯೂ ಆಡಿದ್ದಾರೆ, ವಿಕೆಟ್ ಹಿಂದೆಯೂ ನಿಂತಿದ್ದಾರೆ. ಅದೇ ಕಡಲ ತೀರದ ಇನ್ನೊಬ್ಬ ಹುಡುಗ 1964ರಲ್ಲೇ ಎರಡೂ ಕೆಲಸವನ್ನು ಒಂದೇ ಸರಣಿಯಲ್ಲಿ ಮಾಡಿ ತೋರಿಸಿದ್ದ.

ಭಾರತದ ವಿಕೆಟ್ ಕೀಪರ್ ಒಬ್ಬರ ಅತಿ ದೊಡ್ಡ ಟೆಸ್ಟ್ ಸ್ಕೋರು ಎಂಬ ಪಟ್ಟ ಆ 192ಕ್ಕೆ 49 ವರ್ಷ ಉಳಿಯಿತು. 2013ರ ಫೆಬ್ರವರಿಯಲ್ಲಿ ಮಹೇಂದ್ರ ಸಿಂಗ್ ಧೋನಿ ಆಸ್ಟ್ರೇಲಿಯಾ ವಿರುದ್ಧ 224 ಹೊಡೆದು ಅದನ್ನು ಮುರಿದರು. ಅದು ಮುರಿದದ್ದೂ ಚೆನ್ನೈನಲ್ಲೇ. ಧೋನಿ ಆ ದಿನ ತಂಡದ ನಾಯಕರಾಗಿದ್ದರು; ಅವರ ಜಾಗವನ್ನು ಪ್ರಶ್ನಿಸುವವರು ಯಾರೂ ಇರಲಿಲ್ಲ. ದಾಖಲೆಯನ್ನು ಅರ್ಧ ಶತಮಾನ ಕಾದಿಟ್ಟಿದ್ದ ಆಟಗಾರ ಆ ಮೈದಾನದ ಊರಿಗೆ ಬಂದದ್ದು ಮಾತ್ರ ಇನ್ನೊಬ್ಬರ ಬದಲಿಯಾಗಿ.